ಮೇಷ್ಟ್ರ ಗುಂಡಿಯಲ್ಲಿ ಸಿಕ್ಕಿದ್ದು

ಮಾಸ್ತಪ್ಪ ಎತ್ತಿದ ಗುದ್ದಲಿಯನ್ನು ಹಾಗೇ ತಡೆದು, "ಇಲ್ಲೇನೋ ಐತೆ," ಎಂದ. ಗುಂಡಿ ಇನ್ನೂ ಮೊಣಕಾಲುದ್ದ ಆಗಿತ್ತಷ್ಟೆ. ಹಸಿಮಣ್ಣಿನ ಪೊಟರೆಯೊಳಗೆ ಬೆರಳು ದಪ್ಪದ, ಕಪ್ಪಗೆ ನುಣುಪಾದ ಜೀವವೊಂದು ಸುರುಳಿ ಸುತ್ತಿ ಮಲಗಿತ್ತು.

ಗುಂಡಿಯ ದಡದಲ್ಲೇ ಚಟ್ಟದ ಮೇಲೆ ಗೋಪಾಲಪ್ಪ ಮೇಷ್ಟ್ರ ದೇಹವಿತ್ತು. ತೊಗರ್ಸಿ ಕಡೆಯ ಶಾಲೆಗಳಲ್ಲಿ ಮೂವತ್ತೈದು ವರ್ಷ ವಿಜ್ಞಾನ ಹೇಳಿಕೊಟ್ಟವರು. ಅವರ ಹಳೆಯ ಶಿಷ್ಯೆ ನಾಗವೇಣಿ, ಈಗ ಸೊರಬದಲ್ಲಿ ತಾನೂ ಟೀಚರು, ಬೆಳಗಿನ ಬಸ್ಸಿಗೇ ಬಂದಿದ್ದಳು. ಬಂದಾಗಿನಿಂದ ಅವಳಿಗೆ ಅಳುವಿಗಿಂತ ಹೇಸಿಗೆಯೇ ಹೆಚ್ಚು ಬರುತ್ತಿತ್ತು. ಸತ್ತವರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಸ್ಟೇಟಸ್ ಹಾಕುವವರು ಒಂದು ಕಡೆ. ಅವರೆಲ್ಲರಿಗಿಂತ ಮುಂದೆ ಮಹೇಶ್ವರಪ್ಪ. ಶಾಲಾ ಸಮಿತಿ ಅಧ್ಯಕ್ಷನಾಗಿದ್ದಾಗ, ಮೇಷ್ಟ್ರು ಮಕ್ಕಳಿಗೆಂದು ಕೂಡಿಟ್ಟ ಹಾವಿನ ಪೊರೆ, ಕಣಜದ ಗೂಡು, ಆಮೆ ಚಿಪ್ಪುಗಳನ್ನೆಲ್ಲ ಹೊಲಸೆಂದು ತಿಪ್ಪೆಗೆ ಹಾಕಿಸಿದ ಮನುಷ್ಯ. ಅವನೇ ಈಗ, "ಪ್ರತಿ ಜೀವಿಯಲ್ಲೂ ದೇವರನ್ನು ಕಂಡ ಮಹಾನುಭಾವರು," ಎಂದು ಭಾಷಣ ಮುಗಿಸಿ ಕಣ್ಣೊರೆಸಿಕೊಂಡಿದ್ದ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ.

ಮಹೇಶ್ವರಪ್ಪ ಗುಂಡಿಗೆ ಬಗ್ಗಿ ನೋಡಿದ. ದನಿ ತಾನಾಗಿ ತಗ್ಗಿತು. "ಎರಡು ತಲೆ ಹಾವು ಕಣೋ ಮಾಸ್ತಪ್ಪ. ಕೊಳ್ಳೋರು ನಂಗೊತ್ತು. ಲಕ್ಷಗಟ್ಲೆ ಬಾಳ್ತದೆ."

ಅದನ್ನು ತುಂಬಿಕೊಳ್ಳಲು ಕೈಲಿದ್ದ ಬಾಟಲಿಯ ನೀರು ಚೆಲ್ಲಿ, ಕೈ ಹಾಕಿ ಎತ್ತಿಯೇಬಿಟ್ಟ.

*

ನಾಗವೇಣಿ ಐದನೇ ಕ್ಲಾಸಿನಲ್ಲಿದ್ದಾಗ ಮೇಷ್ಟ್ರು ಇಂಥದ್ದನ್ನೇ ಹಸಿಮಣ್ಣಿನ ಸಮೇತ ತಟ್ಟೆಯಲ್ಲಿಟ್ಟು ತಂದಿದ್ದರು. ಮಕ್ಕಳೆಲ್ಲ ಛೀ ಎಂದು ಹಿಂದೆ ಸರಿದಿದ್ದರು. ನಾಗವೇಣಿಗೆ ವಾಂತಿಯೇ ಬಂತು. ಮೇಷ್ಟ್ರು ಬೈಯಲಿಲ್ಲ, ಬಾಯಿ ತೊಳೆಸಿ ಪಕ್ಕದಲ್ಲಿ ಕೂರಿಸಿಕೊಂಡರು.

"ಛೀ ಅನ್ನೋದು ಹೆಸರಲ್ಲ ಕಣಮ್ಮ. ಇದರ ಹೆಸರು ಸಿಸಿಲಿಯನ್. ಕಪ್ಪೆ ಬಳಗದ್ದು, ಕಾಲಿಲ್ಲ ಅಷ್ಟೆ. ಆ ಬಳಗಕ್ಕೆ ಏನಂತೀವಿ?"

"ಉಭಯವಾಸಿ."

"ಬಾವಲಿ?"

"ಸಸ್ತನಿ."

"ಇದರ ತಾಯಿ ಮೊಟ್ಟೆ ಸುತ್ಕೊಂಡು ಮಲಗಿದ್ರೆ ಮರಿ ಆಗೋ ತನಕ ಜಾಗ ಬಿಡಲ್ಲ. ಅಡ್ಡಿ ಮಾಡಬಾರದು."

ಸಂಜೆ ಇಡೀ ಕ್ಲಾಸು ಅವರ ಹಿಂದೆ ಗದ್ದೆಗೆ ಹೋಗಿ, ಅದನ್ನು ಸಿಕ್ಕಿದ ಜಾಗದಲ್ಲೇ ಬಿಟ್ಟು ಬಂದಿತ್ತು.

*

"ಬಿಡ್ರಿ ಅದನ್ನ," ನಾಗವೇಣಿ ಗುಂಡಿಗೇ ಇಳಿದಳು. "ಅದು ಹಾವಲ್ಲ, ಕಪ್ಪೆ ಜಾತಿ. ಯಾರೂ ಮೂರು ಕಾಸಿಗೂ ಕೊಳ್ಳಲ್ಲ."

"ಕಪ್ಪೆನಾ?"

ಮಹೇಶ್ವರಪ್ಪ ಮುಖ ಹುಳ್ಳಗೆ ಮಾಡಿ ಅದನ್ನು ಗುಂಡಿಗೆ ಎಸೆದ. ಲೋಳೆ ಅವನ ಮಣಿಕಟ್ಟಿನವರೆಗೂ ಇಳಿದಿತ್ತು. ಅತ್ತಿತ್ತ ನೋಡಿ, ಮೇಷ್ಟ್ರ ಕಾಲಿಗೆ ಹೊದಿಸಿದ್ದ ಬಿಳಿಬಟ್ಟೆಗೆ ಕೈ ಒರೆಸಿಕೊಂಡ.

ಪೊಟರೆಯಲ್ಲಿ ಸಬ್ಬಕ್ಕಿಯಂಥ ಮೊಟ್ಟೆಗಳ ಗೊಂಚಲಿತ್ತು. ಆ ಜೀವ ತಡಕಾಡುತ್ತ ಹೋಗಿ, ಅದನ್ನು ಹುಡುಕಿ, ಮತ್ತೆ ಸುತ್ತಿಕೊಂಡಿತು.

"ಹೊಡೆದು ಹಾಕಿ ತೋಡೋ ಮಾಸ್ತಪ್ಪ, ಹೊತ್ತಾಯ್ತು," ಎಂದ ಮಹೇಶ್ವರಪ್ಪ.

"ಬೇರೆ ಕಡೆ ತೋಡಬಹುದಲ್ರೀ," ಎಂದಳು ನಾಗವೇಣಿ.

"ತೋಡಿದ ಗುಂಡಿ ಖಾಲಿ ಬಿಟ್ರೆ ಅದೇ ಮನೇಲಿ ಇನ್ನೊಂದು ಸಾವು ಆಗ್ತದೆ. ಊರಿಗೆಲ್ಲ ಗೊತ್ತಿರೋ ಮಾತು. ಆ ಜೀವ ನೀನೇನು ತುಂಬಿಕೊಡ್ತೀಯಾ?"

ಮಾಸ್ತಪ್ಪ ಮೇಷ್ಟ್ರ ಹೆಂಡತಿ ಲೋಕಮ್ಮನ ಮುಖ ನೋಡಿದ. ಗಂಡ ಹೋದ ಮನೆಯಲ್ಲಿ ಈಗ ಇರುವುದು ಅವರೊಬ್ಬರೇ. ಲೋಕಮ್ಮ ಎದ್ದು ಬಂದು ಗುಂಡಿಯೊಳಗೆ ಇಣುಕಿದರು.

"ಖಾಲಿ ಎಲ್ಲೈತೆ ಮಹೇಶ್ವರಪ್ಪ? ಬಾಣಂತಿ ಮಲಗಿದಾಳಲ್ಲ." ಆಮೇಲೆ ಮಾಸ್ತಪ್ಪನಿಗೆ, "ಪೊಟರೆ ಬಾಯಿಗೆ ಒಂದು ಮಣ್ಣಿನ ಹೆಂಟೆ ಮೆಲ್ಲಗೆ ಇಡು. ಇವ್ರಿಗೆ ಆ ಕಡೆ ತೋಡು," ಎಂದರು.

ಹೊಸ ಗುಂಡಿಗೆ ಒಂದೂವರೆ ತಾಸು ಹಿಡಿಯಿತು. ಅರ್ಧ ಜನ ಶಿರಾಳಕೊಪ್ಪದ ಬಸ್ಸು ಹಿಡಿಯಲು ಹೋದರು. ಮೇಷ್ಟ್ರನ್ನು ಇಳಿಸಿದ ಮೇಲೆ ಲೋಕಮ್ಮ ಮೂರು ಹಿಡಿ ಮಣ್ಣು ಹಾಕಿದರು, ನಾಗವೇಣಿ ಹಾಕಿದಳು. ಮುಂದಿನವನು ಮಹೇಶ್ವರಪ್ಪ. ಅವನು ಒಂದು ಹಿಡಿ ಎತ್ತಿದವನು ಹಾಕಲಿಲ್ಲ. ಮಣ್ಣನ್ನು ಅಂಗೈ ಮೇಲೆ ಹರವಿ, ಕಡ್ಡಿಯಿಂದ ಕೆದಕಿ, ಹೂತುಹೋಗುವ ಜೀವವೇನಾದರೂ ಅಲ್ಲಾಡುತ್ತದೋ ಎಂದು ನೋಡಿದ. ಅವನ ಹಿಂದೆ ಸಾಲಿನಲ್ಲಿ ನಿಂತಿದ್ದವರೂ ಒಬ್ಬೊಬ್ಬರಾಗಿ ತಮ್ಮ ಮುಷ್ಟಿ ಬಿಚ್ಚಿ, ಕೈಯಲ್ಲಿದ್ದ ಮಣ್ಣಿನತ್ತ ಬಗ್ಗಿ ನೋಡತೊಡಗಿದರು.