ಕೆಂಪು ಹಾಸಿನ ಮೇಲೆ ಮೀನು

ಒಂದು ಸಲ ನಾನು ಬಿರುಗಾಳಿಗೆ ಬೈದಿದ್ದೆ. ಅದು ಮುಖ ಸಣ್ಣದು ಮಾಡಿಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಅಂಥ ನನಗೆ ಪುರಸಭೆಯ ಅಧ್ಯಕ್ಷ ಯಾವ ಲೆಕ್ಕ? ಅವನನ್ನೂ ಅವನ ಮುನ್ನೂರು ಪೊಲೀಸರನ್ನೂ ಒಂದು ಬುಟ್ಟಿ ಉಪ್ಪುಮೀನಿನಿಂದ ಗೆದ್ದವನು ನಾನು.

ಇದನ್ನು ನಾನು ಹೇಳುತ್ತಿದ್ದದ್ದು ಪೊಲೀಸ್ ಠಾಣೆಯಲ್ಲಿ, ಇನ್ಸ್‌ಪೆಕ್ಟರನ ಮೇಜಿನ ಮುಂದೆ ನಿಂತು. ಒಳಗೆ ಲಾಕಪ್ಪಿನಲ್ಲಿ ನನ್ನ ಹೆಂಡತಿ ಇದ್ದಳು.

"ಮುನ್ನೂರಲ್ಲ, ನಾವಿದ್ದದ್ದು ನಾಲ್ಕು ಜನ," ಎಂದ ಇನ್ಸ್‌ಪೆಕ್ಟರ್. "ಬೇಗ ಬೊಗಳು."

ಬೊಗಳಿದೆ. ನಮ್ಮ ಹೆಂಗಸರು ಮೀನು ಒಣಗಿಸುವ ಕಡಲದಂಡೆಯ ಮರಳಿಗೆ ಇದ್ದಕ್ಕಿದ್ದಂತೆ ತಂತಿಬೇಲಿ ಬಂದಿತ್ತು. ಪಕ್ಕದ ದೊಡ್ಡ ಹೋಟೆಲಿಗೆ ಬರುವವರು ಅಡ್ಡಾಡಲು ಅಲ್ಲಿ ದಾರಿಯಂತೆ; ಅಂದು ಬೆಳಿಗ್ಗೆಯೇ ಅದರ ಉದ್ಘಾಟನೆ. ಇತ್ತ ಉಪ್ಪು ಹಾಕಿಟ್ಟ ಮೀನು ಬುಟ್ಟಿಗಳಲ್ಲಿ ಕಾಯುತ್ತಿತ್ತು. ಬಿಸಿಲೇರುವಷ್ಟರಲ್ಲಿ ಹರಡದಿದ್ದರೆ ಅಷ್ಟೂ ಕೊಳೆಯುತ್ತದೆ. ಹೆಂಗಸರು ಬಂದು ಕೇಳಿದರೆ ಅಧ್ಯಕ್ಷ ಮೂಗಿಗೆ ಕರವಸ್ತ್ರ ಹಿಡಿದ.

"ದೂರ ನಿಲ್ರೇ. ನಿಮ್ಮ ನಾತಕ್ಕೆ ಊರಿಗೆ ಬರೋ ದೊಡ್ಡ ಮನುಷ್ಯರೆಲ್ಲ ವಾಂತಿ ಮಾಡ್ಕೋತಾರೆ."

"ಆ ದೊಡ್ಡ ಮನುಷ್ಯರ ಹೇಲು ಹೋಟೆಲ್ ಪೈಪಲ್ಲಿ ಸೀದಾ ನಮ್ಮ ಬಲೆಗೇ ಬರುತ್ತಲ್ಲ ಸ್ವಾಮಿ," ಎಂದಳು ನನ್ನ ಅತ್ತೆ. "ಅದಕ್ಕೇನು ಅತ್ತರು ಹಾಕಿ ಬಿಡ್ತಾರಾ?"

"ಬಾಯ್ಮುಚ್ಚೇ ಬಿಕನಾಸಿ ಮುದುಕಿ. ಹೋಗಿ ನಿನ್ನ ತಲೆ ಮೇಲೆ ಒಣಗಿಸ್ಕೋ."

ಆಗ ಬೇಲಿಯನ್ನು ಒಂದೇ ಜಿಗಿತಕ್ಕೆ ದಾಟಿದೆ. ಬೇಲಿಯೇ ಹೆದರಿ ಬಗ್ಗಿತು ಎಂದರೂ ಸರಿಯೇ. ವೇದಿಕೆಯ ಕೆಂಪು ಹಾಸಿನ ಮೇಲೆ ಬುಟ್ಟಿ ಬೋರಲು ಹಾಕಿ, ತಲೆಗಳೆಲ್ಲ ಒಂದೇ ಕಡೆ ಬರುವಂತೆ ಮೀನು ಜೋಡಿಸುತ್ತ ಹೋದೆ. ಹಿಂದಿನಿಂದ ಉಳಿದ ಬುಟ್ಟಿಗಳೂ ಬಂದವು. ಅಧ್ಯಕ್ಷನ ಕಾಲು ಸಿಕ್ಕಾಗ "ಸ್ವಲ್ಪ ಎತ್ತಿ ಸ್ವಾಮಿ" ಎಂದೆ. ಎತ್ತಿದ. ಅದರಡಿಗೂ ಜೋಡಿಸಿದೆ. ಮತ್ತೆ ಇಳಿಸಲು ಜಾಗವೆಲ್ಲಿ? ಸ್ವಚ್ಛತೆಯ ಬಗೆಗಿನ ಭಾಷಣವನ್ನು ಕುರ್ಚಿಯ ಮೇಲೆ ಚಕ್ಕಳಮಕ್ಕಳ ಕೂತೇ ಶುರು ಮಾಡಿದ. ಅಷ್ಟರಲ್ಲಿ ಪ್ರಪಂಚದ ಕಾಗೆಗಳೆಲ್ಲ ಬಂದವು. ಭಾಷಣದ ಹಾಳೆ ಬೀಸಿಯೇ ಅವನ್ನು ಓಡಿಸಬೇಕಾಯಿತು. ಹೋಟೆಲಿನ ಮಾಲೀಕ ಕಾರಿನಿಂದ ಇಳಿಯಲೇ ಇಲ್ಲ.

"ಆಮೇಲೆ ತೆಗೆಸೋಕೆ ನೀವು ಬಂದ್ರಿ ಸಾರ್. ಅರ್ಧ ಒಣಗಿದ್ದನ್ನ ಎತ್ತಿ ರಾಶಿ ಹಾಕಿದ್ರೆ ಬೆವರಿ ಹುಳ ಬೀಳತ್ತೆ, ಸಂಜೆವರೆಗೆ ಮುಟ್ಟೋ ಹಾಗಿಲ್ಲ ಅಂತ ನಿಮಗೆ ಹೇಳಿದ್ದೂ ನಾನೇ."

"ನನಗೆ ಹೇಳಿದ್ದು ಹೆಂಗಸು."

"ಗಂಟಲು ಕಟ್ಟಿತ್ತು ಸಾರ್. ದನಿ ಹಾಗೆ ಬಂತು."

"ಸೀರೆ ಉಟ್ಟಿದ್ಳು."

"ಬೆಳಿಗ್ಗೆ ಅವಸರದಲ್ಲಿ ಕೈಗೆ ಸಿಕ್ಕಿದ್ದು ಉಟ್ಕೊಂಡು ಬಂದಿದ್ದೆ ಸಾರ್."

ಪೇದೆ ಗೋಡೆಯ ಕಡೆ ತಿರುಗಿ ನಕ್ಕ. ಇನ್ಸ್‌ಪೆಕ್ಟರ್ ನಗಲಿಲ್ಲ. ಸಂಜೆ ಒಣಗಿದ ಮೀನು ಬುಟ್ಟಿಗೆ ಹೋಗಿತ್ತು, ನನ್ನ ಹೆಂಡತಿ ಜೀಪಿಗೆ.

"ಸರಿ," ಎಂದ. "ಎಲ್ಲಾ ನೀನೇ ಅಂದ್ಮೇಲೆ ಒಳಗೆ ನಡಿ. ಅವಳನ್ನ ಬಿಡ್ತೀನಿ."

ನಾನು ಚಪ್ಪಲಿ ಕಳಚಿದೆ.

"ಹಾಕ್ಕೋ ಅದನ್ನ," ಎಂದಿತು ಕಂಬಿಯ ಹಿಂದಿನ ದನಿ. "ಸಾರ್, ಈ ನನ್ನ ಗಂಡ ಮಹಾ ಬುರುಡೆದಾಸ. ಮೀನು ಹಾಸಿದ್ದು ನಾನು. ಜಡ್ಜ್ ಮುಂದೆ ನಾನೇ ಹೇಳ್ಬೇಕು, ಮರಳಿಂದೂ ಪೈಪಿಂದೂ. ಇವನನ್ನ ನಿಲ್ಲಿಸಿದ್ರೆ ತನ್ನ ಪೌರುಷ ಕೊಚ್ಚಿಕೊಂಡು ಪೈಪನ್ನೇ ಮರ್ತು ಬರ್ತಾನೆ."

"ನಿನಗೆ ಶಿಕ್ಷೆ ಆಗ್ಬಹುದು ಕಣಮ್ಮ."

"ಆಗ್ಲಿ. ಹೇಳಿದ್ಮೇಲೆ ಆಗ್ಲಿ."

ಇನ್ಸ್‌ಪೆಕ್ಟರ್ ನನ್ನ ಕಡೆ ತಿರುಗಿದ. "ಹಾಗಾದ್ರೆ ನೀನೆಲ್ಲಿದ್ದೆಯೋ?"

ಏನಾದರೂ ಹೊಳೆಯಬಹುದೆಂದು ಕಾದೆ. ಹೊಳೆಯಲಿಲ್ಲ.

"ವೇದಿಕೆ ಕೆಳಗೆ ಸಾರ್. ಅದೇ ಸಮಾರಂಭಕ್ಕೆ ಕುರ್ಚಿ ಹೊರೋ ಕೂಲಿಗೆ ಹೋಗಿದ್ದೆ. ಗಲಾಟೆ ಶುರುವಾದಾಗ ಒಳಗೆ ನುಗ್ಗಿ ಕೂತೆ. ತಲೆ ಮೇಲೆ ಉಪ್ಪುನೀರು ತೊಟ್ಟಿಕ್ತಾ ಇತ್ತು. ಮೆಟ್ಟಿಲ ಸಂದಿಯಿಂದ, ನಿಮಗೆ ಅಡ್ಡ ನಿಂತಿದ್ದ ಇವಳ ಪಾದ ಅಷ್ಟೇ ಕಾಣ್ತಿತ್ತು, ಸುತ್ತ ನಿಮ್ಮ ಬೂಟು. ಬೂಟುಗಳೇ ಹಿಂದೆ ಮುಂದೆ ಆಡ್ತಿದ್ವು ಸಾರ್. ಪಾದ ಅಲ್ಲೇ ಇತ್ತು. ಇದರಲ್ಲಿ ಒಂದಕ್ಷರಾನೂ ನಾನು ಸೇರಿಸಿಲ್ಲ."