ಒಂದು ತಟ್ಟೆ ಅನಾನಸ್

“ತಿನ್ನೇ ಲೌಡಿ! ನನ್ ಕೈಯಾರೆ ಹೆಚ್ಕೊಂಡ್ ಬಂದಿವ್ನಿ. ಬಾಯಿಗೂ ನಾನೇ ತುರುಕ್ಬೇಕಾ?”

ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಸುಜಾತಾ ತಲೆಯೆತ್ತಿದಳು. ಮನೆ ಒಡತಿ ಮಾರಕ್ಕ ಎರಡು ವರ್ಷದಿಂದ ಇವಳಿಗೆ ಕಾಫಿ ಹುಯ್ಯುತ್ತಿದ್ದದ್ದು ಗೋಡೆಯ ಮೇಲಿಟ್ಟ ತಗಡಿನ ಲೋಟಕ್ಕೆ, ಅದೂ ಎತ್ತರದಿಂದ. ಇವತ್ತು ಒಳಗಿನ ಸ್ಟೀಲ್ ತಟ್ಟೆಯಲ್ಲಿ ಅನಾನಸ್! ಸಿಪ್ಪೆ ಹೆರೆದು, ಕಣ್ಣು ತೆಗೆದು, ಉಪ್ಪುಖಾರ ಉದುರಿಸಿ ತಂದಿದ್ದಾಳೆ. ಪುಣ್ಯಾತ್ಗಿತ್ತಿಯ ಪ್ರೀತಿ ಈಗ ಉಕ್ಕಿತು.

“ನಂಗ ಬ್ಯಾಡ್ರಿ ಅಮ್ಮಾರ.”

“ಯಾಕೆ? ಮೂರು ತಿಂಗ್ಳಾಗೈತಲ್ಲ, ಅದುಕ್ಕಾ? ಬೇಲಿ ಹಾರೋವಾಗ ನಾಚ್ಕೆ ಇರ್ಲಿಲ್ವೇನೇ ಮುಂಡೆ?”

ಬೇಲಿ ಹಾರಿದವನು ಮಾರಕ್ಕನ ಮಗ ಕೆಂಪರಾಜ್. ಬಾಡಿಗೆ ಕೇಳುವ ನೆಪದಲ್ಲಿ ಇವಳ ಶೀಟಿನ ಕೋಣೆಗೆ ಬಂದು ಒಳಗಿನಿಂದ ಚಿಲಕ ಹಾಕಿದವನು. ಅದು ಮಾರಕ್ಕನಿಗೂ ಗೊತ್ತು.

ಬಸುರಿ ಅನಾನಸ್ ತಿಂದರೆ ಗರ್ಭ ನಿಲ್ಲುವುದಿಲ್ಲ ಅಂತ ಇವಳ ಊರು ರಾಯಚೂರಿನಲ್ಲೂ ಹೇಳುತ್ತಾರೆ, ಈ ದೊಡ್ಡನೆಕ್ಕುಂದಿಯಲ್ಲೂ ಹೇಳುತ್ತಾರೆ. ನಿಜವೋ ಸುಳ್ಳೋ, ಯಾರಿಗೆ ಗೊತ್ತು. ಗಂಡ ಮಾನಪ್ಪ ಹೊಸ ರಿಂಗ್ ರೋಡಿನ ಕಟ್ಟಡದಿಂದ ಬಿದ್ದು ಸತ್ತ ಮೇಲೆ ಸುಜಾತಾ ಒಂಟಿ. ದಿನಗಟ್ಟಲೆ ಮಾತಿಲ್ಲದೆ, ಒಮ್ಮೆ ಕೋಣೆಯಲ್ಲಿ ತನ್ನ ದನಿಗೇ ಬೆಚ್ಚಿದ್ದಳು. ಈಗ ರೊಟ್ಟಿ ಬಡಿಯುತ್ತ ಹೊಟ್ಟೆಯ ಜೊತೆ ಮಾತಾಡುತ್ತಾಳೆ. ಹೇಗೇ ಬಂದಿರಲಿ, ಅದು ತನ್ನದು. ಅದೂ ಹೋದರೆ ಅವಳಿಗೆ ಯಾರೂ ಇಲ್ಲ.

“ತಿಂದ್ರೆ ರೂಮು. ಇಲ್ಲಾಂದ್ರೆ ಸಂಜೆಗೇ ನಿನ್ ಸಾಮಾನು ಬೀದಿಗೆ,” ಅಂದಳು ಮಾರಕ್ಕ.

ಸುಜಾತಾ ಕೈ ತೊಳೆದಳು. ತಟ್ಟೆ ತೆಗೆದುಕೊಂಡು, ಎಂದೂ ದಾಟದ ಹಿತ್ತಲ ಬಾಗಿಲು ದಾಟಿ ನೇರ ನಡುಮನೆಗೆ ನಡೆದಳು. ಅಲ್ಲಿ ಕೆಂಪರಾಜನ ಹೆಂಡತಿ ನಿಖಿತಾಳ ಸೀಮಂತ. ಕೈತುಂಬ ಹಸಿರು ಬಳೆ, ಸುತ್ತ ನೆಂಟರು, ಪಕ್ಕದಲ್ಲೇ ಗಂಡ.

“ಅಕ್ಕಾರ, ನಿಮ್ಮತ್ತಿ ಕೈಯಾರೆ ಹೆಚ್ಯಾರ್ರಿ. ತಗೋರಿ.”

ಪೇಟೆಯಲ್ಲಿ ಬೆಳೆದ ನಿಖಿತಾ ನಗುತ್ತ ಕೈ ಚಾಚಿದಳು.

“ಅಯ್ಯಯ್ಯೋ, ತಿನ್ಬ್ಯಾಡ ಕಣಮ್ಮೀ!” ಹಿಂದೆಯೇ ಓಡಿ ಬಂದ ಮಾರಕ್ಕ ತಟ್ಟೆಗೆ ಬಡಿದಳು. ಹೋಳುಗಳು ಜಮಖಾನದ ಮೇಲೆ ಚೆಲ್ಲಿದವು. “ಬಸ್ರಿ ಹೆಂಗ್ಸಿಗೆ ಇದ್ನ ಕೊಡ್ತಾರೇನೇ, ಕೊಲೆಗಾತಿ!”

“ನಾನೂ ಬಸುರಿ ಅದೀನ್ರಿ,” ಅಂದಳು ಸುಜಾತಾ. “ನಂಗ್ಯಾಕ ಕೊಟ್ರಿ?”

ನಿಖಿತಾ ಅತ್ತೆಯನ್ನು ನೋಡಿದಳು, ಆಮೇಲೆ ಗಂಡನ ಕಡೆ ತಿರುಗಿದಳು. ಕೆಂಪರಾಜ್ ಆಗಲೇ ಎದ್ದು ಹೊಸಿಲಾಚೆ ಚಪ್ಪಲಿ ಹುಡುಕುತ್ತಿದ್ದ.

ಸುಜಾತಾ ಆ ಹೋಳುಗಳ ನಡುವೆ, ಜಮಖಾನದ ಮೇಲೇ ಕೂತಳು. ಅಕ್ಕಪಕ್ಕದ ಹೆಂಗಸರು ರೇಷ್ಮೆ ಸೆರಗು ಸೆಳೆದುಕೊಂಡು ದೂರ ಸರಿದರು. ಅವಳು ಏಳಲಿಲ್ಲ.