ಕತ್ತಿಸೊಪ್ಪಿಗೆ ಬೇಕಾದ ಕೈ

ನನ್ನ ಕೈಗುಣ ಕೆಟ್ಟದ್ದು ಎಂದು ಮೊದಲು ಹೇಳಿದವಳು ನನ್ನ ಹೆತ್ತ ತಾಯಿ ದೊಡ್ಡಮುನಿಯಮ್ಮ. ಆಗ ನನಗೆ ಎಂಟು ವರ್ಷ. ಈಗ ಐವತ್ತೆಂಟು. ನಡುವಿನ ಐವತ್ತು ವರ್ಷಗಳಲ್ಲಿ ಅವಳು ಆ ಮಾತನ್ನು ಬದಲಿಸಿಲ್ಲ.

ಸಂಜಯನಗರದಲ್ಲಿ ಈಗ ನಮ್ಮ ಮೂರು ಮಹಡಿಯ ಮನೆ ಇರುವಲ್ಲಿ ಆಗ ನಮ್ಮ ಹೊಲವಿತ್ತು. ಅವರೆ, ಬದನೆ, ದಂಟು ಬೆಳೆಯುತ್ತಿದ್ದೆವು. ಬಿತ್ತನೆಯ ದಿನ ಮೊದಲ ಬೀಜವನ್ನು ಒಳ್ಳೆಯ ಕೈಗುಣದವರಿಂದ ಹಾಕಿಸುವುದು ನಮ್ಮ ಮನೆಯ ಪದ್ಧತಿ. ಆ ವರ್ಷ ಅಮ್ಮ ಹಿರಿಯ ಮಗನಾದ ನನ್ನನ್ನು ಬಿಟ್ಟು ಐದು ವರ್ಷದ ತಮ್ಮ ಮುನಿಯಣ್ಣನ ಕೈಗೆ ಬೀಜ ಕೊಟ್ಟಳು. ಹಿಂದಿನ ವರ್ಷ ನಾನು ಹಾಕಿದ ಸಾಲು ಮೊಳೆತಿರಲಿಲ್ಲವಂತೆ. "ಈ ಭೀಮರಾಜಂದು ಸುಡುಗಾಡು ಕೈ. ದೂರ ನಿಲ್ಸಿ ಅವನ್ನ" ಎಂದು ಕೂಲಿಯವರ ಎದುರಿಗೇ ಹೇಳಿದಳು. ಎಲ್ಲರೂ ನಕ್ಕರು. ಸುಳ್ಳೇಕೆ ಹೇಳಲಿ, ಆ ನಗು ನನಗೆ ಇನ್ನೂ ಕೇಳಿಸುತ್ತದೆ.

ಅಮ್ಮನಿಗೆ ಈಗ ಎಂಬತ್ತೆರಡು. ಮಂಡಿ ಹೋಗಿದೆ, ಕಣ್ಣಿಗೆ ಪೊರೆ ಬಂದಿದೆ, ನಾಲಿಗೆ ಮಾತ್ರ ಮೊನ್ನೆ ಸಾಣೆ ಹಿಡಿಸಿದ ಹಾಗಿದೆ. ಹಗಲೆಲ್ಲ ನಡುಮನೆಯ ಕುರ್ಚಿಯಲ್ಲೇ ಕೂತಿರುತ್ತಾಳಲ್ಲ, ಬೇಸರ ಕಳೆಯಲಿ ಎಂದು ನಾನು ಆರಡಿ ಉದ್ದದ ಅಕ್ವೇರಿಯಂ ತರಿಸಿದೆ. ನಾನು ತರಿಸಿದ್ದು ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮನೆಯಲ್ಲಿ ಅದನ್ನು ಯಾರೂ ಹೇಳುವುದಿಲ್ಲ.

ಅದನ್ನು ನೋಡಿಕೊಳ್ಳಲು ಪ್ರತಿ ಗುರುವಾರ ಆರ್.ಟಿ. ನಗರದಿಂದ ರಿಯಾಜ್ ಬರುತ್ತಿದ್ದ. ನಲವತ್ತರ ಆಸುಪಾಸಿನ, ಮೆತ್ತಗೆ ಮಾತಾಡುವ ಮನುಷ್ಯ. ಸ್ಕೂಟರಿನಲ್ಲಿ ಎರಡು ಬಕೆಟ್ಟು, ಒಂದು ಉದ್ದನೆಯ ಪೈಪು. ಮೊದಲ ತಿಂಗಳೇ ಒಂದು ಗಿಡ ತಂದು ತೊಟ್ಟಿಯ ನಡುವೆ ನೆಟ್ಟ. ಅಮೆಜಾನ್ ಸ್ವೋರ್ಡ್ ಎಂದ. ಸ್ವೋರ್ಡ್ ಎಂದರೆ ಕತ್ತಿ ಎಂದು ಬಿಡಿಸಿ ಹೇಳಿದ ಮೇಲೆ ಅಮ್ಮ ಅದಕ್ಕೆ ಕತ್ತಿಸೊಪ್ಪು ಎಂದು ಹೆಸರಿಟ್ಟಳು.

ಎರಡೇ ವಾರಕ್ಕೆ ಅದರ ಎಲೆಗಳೆಲ್ಲ ಕೊಳೆತು ಕರಗಿದವು. ಕಿತ್ತು ಬಿಸಾಕು ಎಂದೆ.

"ಸ್ವಲ್ಪ ತಡ್ಕೊಳಿ ಸರ್. ನರ್ಸರೀಲಿ ಇದನ್ನ ನೀರಿನ ಮೇಲೆ ಬೆಳೆಸಿರ್ತಾರೆ. ಆ ಎಲೆ ನೀರೊಳಗೆ ಬದುಕಲ್ಲ. ಅದನ್ನ ಉದುರಿಸಿ ನೀರಿಗೆ ತಕ್ಕಂಗೆ ಬೇರೆ ಎಲೆ ಬಿಡತ್ತೆ" ಎಂದ ರಿಯಾಜ್.

ಬಿಟ್ಟಿತು. ಮೂರು ವರ್ಷದಲ್ಲಿ ನಲವತ್ತು ಎಲೆ, ಒಂದೊಂದೂ ಮೊಳದುದ್ದ. ಹಣ್ಣಾದ ಎಲೆಯನ್ನು ಅವನು ಬುಡದಲ್ಲೇ ಕತ್ತರಿಸುತ್ತಿದ್ದ. ಈ ಗಿಡ ಬೇರಿನಿಂದಲೇ ಉಣ್ಣುವುದಂತೆ, ಅದಕ್ಕೆ ತಿಂಗಳಿಗೊಮ್ಮೆ ಗೊಬ್ಬರದ ಮಾತ್ರೆಗಳನ್ನು ಬುಡದ ಜಲ್ಲಿಯೊಳಕ್ಕೆ ಒತ್ತುತ್ತಿದ್ದ. ಅಮ್ಮನಿಗೆ ದಿನವೂ ಸಂಜೆ ಮಾತ್ರೆ ಕೊಡುವವನು ನಾನು. ನನ್ನ ಕೈಯಿಂದ ಅವಳು ತೆಗೆದುಕೊಳ್ಳುತ್ತಿದ್ದದ್ದು ಅದೊಂದನ್ನೇ.

"ಅದಕ್ಕೂ ಮಾತ್ರೆ, ನಂಗೂ ಮಾತ್ರೆ. ಅದು ಬೆಳೀತಾ ಐತೆ, ನಾನು ಒಣಗ್ತಾ ಇವ್ನಿ. ಕೊಡೋ ಕೈ ಮ್ಯಾಲೆ ಓಯ್ತದೆ" ಎಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು. ಬಂದವರು ನಗುತ್ತಿದ್ದರು.

ಹೋದ ವರ್ಷ ಕತ್ತಿಸೊಪ್ಪು ಒಂದು ಉದ್ದನೆಯ ಕಡ್ಡಿ ಬಿಟ್ಟು ಅದರ ಗೆಣ್ಣುಗಳಲ್ಲಿ ಐದು ಮರಿ ಹಾಕಿತು. ರಿಯಾಜ್ ಅವನ್ನು ಬಿಡಿಸಿ, ಮುಂದಿನ ವಾರ ನೆಡೋಣ ಎಂದು ಬೋಗುಣಿಯ ನೀರಿನಲ್ಲಿಟ್ಟು ಹೋದ. ನನಗೊಂದು ಆಸೆ ಹುಟ್ಟಿತು. ಒಂದೇ ಒಂದು ಮರಿ ನನ್ನ ಕೈಯಲ್ಲಿ ಬದುಕಲಿ, ಅಮ್ಮನೇ ಕರೆದು ಕೇಳಲಿ, ನಾನು ನೆಟ್ಟಿದ್ದು ಎಂದು ಹೇಳಿ ಸುಮ್ಮನೆ ಎದ್ದು ಹೋಗಬೇಕು. ಇಷ್ಟೇ. ಅವಳು ಮಧ್ಯಾಹ್ನ ಮಲಗಿದ್ದಾಗ ತೋಳು ಮಡಚಿ ತೊಟ್ಟಿಯ ಮೂಲೆಯಲ್ಲಿ ಒಂದನ್ನು ನೆಟ್ಟೆ. ಬದನೆ ಸಸಿ ನೆಟ್ಟು ಗೊತ್ತಿದ್ದವನು ನಾನು. ಹಾಗೆಯೇ ಕತ್ತಿನವರೆಗೂ ಹೂತು, ಅಲ್ಲಾಡದಂತೆ ಜಲ್ಲಿಯನ್ನು ಅಮುಕಿದೆ.

ಗುರುವಾರದ ಹೊತ್ತಿಗೆ ಅದು ಕೊಳೆತು ತೇಲುತ್ತಿತ್ತು. ಅಂದು ನನ್ನ ಹೆಂಡತಿ ಧನಲಕ್ಷ್ಮಿಯ ತವರಿನವರು ಬೇರೆ ಬಂದು ಕೂತಿದ್ದರು. ವಾಸನೆ ಅಮ್ಮನ ಮೂಗಿಗೆ ಬಡಿಯಿತು.

"ಯಾರು ನೆಟ್ಟಿದ್ದು ಅದನ್ನ?"

ರಿಯಾಜ್ ಜಲ್ಲಿಯಲ್ಲಿನ ಗುಂಡಿ ನೋಡಿದ, ನನ್ನ ಮುಖ ನೋಡಿದ. "ನಾನೇ ಅಮ್ಮಾ. ಅವಸರದಲ್ಲಿ ಆಳಕ್ಕೆ ಹೂತ್ಬಿಟ್ಟೆ. ಇದರ ಕತ್ತು ಮುಚ್ಚಬಾರ್ದು" ಎಂದ.

"ನಿನ್ನ ಕೈಯಾಗೆ ಸಾಯಾಕಿಲ್ಲ ಬಿಡಪ್ಪ. ಭೀಮಾ, ನೀನೇ ಅಲ್ವೇನೋ? ನೀರಾಗಿಟ್ರೂ ಒಣಗಿಸ್ತೀಯಲ್ಲೋ!"

ಧನಲಕ್ಷ್ಮಿಯ ಅಣ್ಣ ಕುಡಿಯುತ್ತಿದ್ದ ಕಾಫಿ ಮೂಗಿಗೇರುವಷ್ಟು ನಕ್ಕ. ಅಮ್ಮನ ಮಾತು ನನಗೆ ಹೊಸದಲ್ಲ. ಆದರೆ ಸಂಬಳದವನೊಬ್ಬ ನನ್ನ ಮೇಲೆ ಕನಿಕರಪಟ್ಟು ನನಗಾಗಿ ಸುಳ್ಳು ಹೇಳಿದ್ದನಲ್ಲ, ಅದು ಮೈಯೆಲ್ಲ ಉರಿಸಿತು. ಅವನು ಬೈದಿದ್ದರೆ ಕ್ಷಮಿಸುತ್ತಿದ್ದೆ.

ಮುಂದಿನ ಗುರುವಾರ ಧನಲಕ್ಷ್ಮಿ ಅಮ್ಮನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ರಿಯಾಜ್ ಬಂದ. ನಾನು ಕೊಂಡು ತಂದಿಟ್ಟಿದ್ದ ಪ್ಲಾಸ್ಟಿಕ್ ಗಿಡವನ್ನು ಅವನ ಕೈಗೆ ಕೊಟ್ಟೆ. ಅದೇ ಆಕಾರ, ಅದೇ ಎತ್ತರ.

"ಅದನ್ನ ಕಿತ್ತು ಇದನ್ನ ಕೂರ್ಸು."

"ಏನಾದ್ರೂ ತಪ್ಪಾಯ್ತಾ ಸರ್?"

"ಕೀಳು ಅಂದೆ."

ಅವನು ಬಕೆಟ್ಟನ್ನು ತೊಟ್ಟಿಯ ಪಕ್ಕಕ್ಕೆ ಎಳೆದುಕೊಂಡ. "ಹಾಗಾದ್ರೆ ನಾನೇ ತಗೊಂಡ್ ಹೋಗ್ತೀನಿ ಸರ್. ಮನೇಲಿ ಡ್ರಮ್ ಇದೆ, ಬದುಕ್ಕೊಳತ್ತೆ."

"ಬೇಡ. ಇಲ್ಲೇ ಚೂರು ಚೂರು ಮಾಡಿ ಕಸದ ಕವರಿಗೆ ಹಾಕು. ಬೋಗುಣೀಲಿ ನೆಡದೆ ಉಳ್ದಿರೋ ಮರಿಗಳನ್ನೂ."

ಅವನು ಭುಜದವರೆಗೆ ಕೈ ಇಳಿಸಿ ಎಳೆದ. ಬೇರುಗಳು ಆರಡಿ ಉದ್ದಕ್ಕೂ ಹಬ್ಬಿದ್ದವು. ಕಿತ್ತಾಗ ಜಲ್ಲಿಯೆಲ್ಲ ಮೇಲೆದ್ದು ನೀರು ಕೆಸರಾಯಿತು, ಮೀನುಗಳು ಗಾಜಿಗೆ ಬಡಿದುಕೊಂಡವು. ಆಮೇಲೆ ನೆಲದಲ್ಲಿ ಕೂತು ಹಳೆಯ ಎಲೆ ಸವರುತ್ತಿದ್ದ ಅದೇ ಕತ್ತರಿಯಿಂದ ಅದನ್ನು ಕತ್ತರಿಸಿದ. ನಾನು ಕುರ್ಚಿ ಎಳೆದುಕೊಂಡು ಎದುರಿಗೇ ಕೂತೆ. ಒಂದು ಸಲ ಕೈ ನಿಲ್ಲಿಸಿದ. "ಬುಡ ಉಳೀತು" ಎಂದೆ. ಅದನ್ನೂ ಕತ್ತರಿಸಿದ. ನನಗೆ ಹಾಯೆನಿಸಿತು, ಇದನ್ನೂ ಮುಚ್ಚಿಡುವುದಿಲ್ಲ.

ನೀರು ತಿಳಿಯಾಗಿಸಿ, ಪ್ಲಾಸ್ಟಿಕ್ ಗಿಡ ಕೂರಿಸಿ, ನೆಲ ಒರೆಸಿ ಎದ್ದ. ಇನ್ನು ಬರಬೇಡ ಎಂದೆ. "ಅಮ್ಮನಿಗೆ ಹೇಳ್ಬಿಡಿ ಸರ್, ರಿಯಾಜ್ ಹೋಗ್ಬರ್ತೀನಿ ಅಂದ ಅಂತ" ಎಂದ. ನಾನು ಹೇಳಲಿಲ್ಲ. ರಿಯಾಜ್ ಗುರುವಾರ ಮಧ್ಯಾಹ್ನ, ಅವಳು ಮಲಗಿದ್ದಾಗ ಬಂದು ಹೋಗುತ್ತಾನೆ ಎಂದು ಅಮ್ಮನಿಗೆ ಸುಳ್ಳು ಹೇಳುತ್ತ ಬಂದೆ. ಧನಲಕ್ಷ್ಮಿಗೂ ಬಾಯಿ ಬಿಡಬೇಡ ಎಂದು ಗದರಿಸಿಟ್ಟಿದ್ದೆ.

ಪೊರೆ ಬಂದ ಕಣ್ಣಿಗೆ ಹಸಿರು ಕಂಡರೆ ಸಾಕು. ಪ್ಲಾಸ್ಟಿಕ್ಕು ಸಾಯುವುದಿಲ್ಲ. ಎರಡು ತಿಂಗಳು ಕಾದು, ಇಷ್ಟು ದಿನ ನೋಡಿಕೊಂಡದ್ದು ನಾನೇ ಎಂದರೆ ಅವಳು ಒಪ್ಪಲೇಬೇಕು. ಇದು ನನ್ನ ಲೆಕ್ಕ. ಅಮ್ಮನೂ ವಾರ ವಾರ "ರಿಯಾಜ ಬಂದೋದ್ನಾ? ಬೋ ಚೆಂದಾಗಿಟ್ಟವ್ನೆ ಕಣೋ" ಎನ್ನುತ್ತಿದ್ದಳು. ಆ ಹೊಗಳಿಕೆ ಹೆಸರು ಬದಲಿಸಿಕೊಂಡು ನನಗೆ ಬರುವ ದಿನಕ್ಕಾಗಿ ಹಲ್ಲು ಕಚ್ಚಿಕೊಂಡಿದ್ದೆ.

ನಾಗಸಂದ್ರದಲ್ಲಿರುವ ತಮ್ಮ ಮುನಿಯಣ್ಣ ಮನೆಗೆ ಬಂದ ದಿನವನ್ನೇ ಆರಿಸಿಕೊಂಡೆ. ಮೊದಲ ಬೀಜ ಹಾಕಿದ ಕೈ ಅದು, ಅದೂ ಕೇಳಿಸಿಕೊಳ್ಳಲಿ. ಸಂಜೆ ಅಮ್ಮನ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು, ನೀರಿನ ಲೋಟ ಹಿಡಿದು ಅವಳ ಮುಂದೆ ನಿಂತೆ.

"ಅಮ್ಮಾ, ರಿಯಾಜ್ ಬಿಟ್ಟು ಎರಡು ತಿಂಗಳಾಯ್ತು. ನಿನ್ನ ಕತ್ತಿಸೊಪ್ಪು ಇಷ್ಟು ದಿನ ಬದುಕಿರೋದು ನನ್ನ ಕೈಲಿ. ಈಗ ಹೇಳು ನೋಡೋಣ, ನನ್ನ ಕೈಗುಣ ಹೆಂಗಿದೆ?"

ನನ್ನ ದನಿ ನಡುಗಿತು. ಐವತ್ತೆಂಟು ವರ್ಷದವನ ದನಿ.

ಅಮ್ಮ ಬೊಚ್ಚುಬಾಯಿ ಬಿಟ್ಟು ನಕ್ಕಳು.

"ಪೊರೆ ಬಂದಿರೋದು ಕಣ್ಣಿಗೆ, ಬುದ್ಧಿಗಲ್ಲ ಕಣೋ. ಒಂದೆಲೆ ಅಣ್ಣಾಗ್ಲಿಲ್ಲ, ಒಂದೆಲೆ ಉಟ್ಲಿಲ್ಲ. ಮೀನು ಪಕ್ಕದಾಗೇ ಓದ್ರೂ ಅಲ್ಲಾಡಾಕಿಲ್ಲ. ಆಸ್ಪತ್ರೆಯಿಂದ ಬಂದ ದಿನಾನೇ ಗೊತ್ತಾಯ್ತು ನಂಗೆ."

"ಮತ್ತೆ ವಾರ ವಾರ ಚೆನ್ನಾಗಿಟ್ಟಿದ್ದಾನೆ ಅಂತಿದ್ದೆ?"

"ನಿನ್ನ ಮಕ ನೋಡಾಕೆ."

ಮುನಿಯಣ್ಣ ತಲೆ ತಗ್ಗಿಸಿ ಮೊಬೈಲು ನೋಡತೊಡಗಿದ. ಅಮ್ಮ ತೊಟ್ಟಿಯ ಕಡೆ ಕೈ ತೋರಿಸಿದಳು.

"ನಿನ್ನ ಕೈಗೆ ಅದೇ ಸರಿ, ಇರ್ಲಿ ಬಿಡು. ಸಾಯಾಕೂ ಜೀವ ಅಂತ ಒಂದಿರ್ಬೇಕಲ್ಲ."

ಆಮೇಲೆ ಅಡುಗೆಮನೆಯ ಕಡೆ ಕತ್ತು ತಿರುಗಿಸಿ ಕರೆದಳು. "ಧನಲಕ್ಷ್ಮೀ, ಬಾರವ್ವ ಇಲ್ಲಿ. ಇವತ್ತಿಂದ ಮಾತ್ರೆ ನೀನು ಕೊಡು. ಈ ಕೈಯಾಗೆ ನಂಗೆ ಬ್ಯಾಡ."

ಧನಲಕ್ಷ್ಮಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ನನ್ನ ಮುಖ ನೋಡದೆ ಅಂಗೈಯಿಂದ ಮಾತ್ರೆ ತೆಗೆದುಕೊಂಡಳು. ಅಮ್ಮ ಬಾಯಿ ತೆರೆದಳು.